ನಿಮ್ಮ ಬುಕಿಂಗ್ ರದ್ದಾಗಿದೆ, ವಂದನೆಗಳು

ಆಷಾಢದಲ್ಲಿ ಮದುವೆ ನಡೆಯುವುದಿಲ್ಲ. ಛತ್ರದ ಯಜಮಾನರಿಗೆ ಅದು ನೊಣ ಹೊಡೆಯುವ ತಿಂಗಳು, ನನಗೆ ಕೆಲಸದ ತಿಂಗಳು. ತುಮಕೂರು ಕಡೆಯ ಒಂದು ಕಲ್ಯಾಣ ಮಂಟಪಕ್ಕೆ ನಮ್ಮ ನಾಲ್ಕು ಜನರ ಕಂಪನಿ ಬುಕಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟಿದೆ. ವರ್ಷಕ್ಕೊಮ್ಮೆ ಅದರ ಧೂಳು ಹೊಡೆದುಕೊಡಬೇಕೆಂದು ಕರಾರು. ಗೋಡೆಗೆ ಸುಣ್ಣ, ಹಂಡೆಗಳಿಗೆ ಕಲಾಯಿ, ಚರಂಡಿ ಕ್ಲೀನು, ಸಾಫ್ಟ್‌ವೇರ್ ರಿಪೇರಿ, ಈ ನಾಲ್ಕೂ ಯಜಮಾನರ ಡೈರಿಯಲ್ಲಿ ಒಂದೇ ಪುಟದಲ್ಲಿ, ಇದೇ ಕ್ರಮದಲ್ಲಿ ಇರುತ್ತವೆ. ಈ ಸಲದ ಆಷಾಢದಲ್ಲಿ ಸುಣ್ಣ ಚೆನ್ನಾಗಿ ಬಂತು. ಚರಂಡಿಯ ಬಗ್ಗೆಯೂ ದೂರಿಲ್ಲ.

ಆ ಕಂಪನಿಯಲ್ಲಿ ನಾನು ಎಪಿಐ ನೋಡಿಕೊಳ್ಳುವವನು. ಹಾಗಂದರೇನು ಎಂದು ನಮ್ಮತ್ತೆ ಒಮ್ಮೆ ಕೇಳಿದಾಗ, ತಾಲ್ಲೂಕು ಕಚೇರಿಯ ಕಿಟಕಿ ಇದ್ದ ಹಾಗೆ ಎಂದು ವಿವರಿಸಿದ್ದೆ. ಒಳಗೆ ಯಾರು ಕೂತಿದ್ದಾರೋ ಕಾಣುವುದಿಲ್ಲ. ನಮೂನೆ ಪ್ರಕಾರ ಅರ್ಜಿ ತೂರಿಸಬೇಕು, ಒಳಗಿಂದ ಒಂದು ನಂಬರು ಹೊರಗೆ ಬರುತ್ತದೆ. 200 ಬಂದರೆ ಕೆಲಸ ಆಯಿತು. 401 ಅಂದರೆ ‘ನೀನ್ಯಾರಯ್ಯಾ?’ 403 ಅಂದರೆ ‘ನೀನ್ಯಾರು ಅಂತ ಗೊತ್ತು, ಅದಕ್ಕೇ ಕೊಡಲ್ಲ.’ 404 ಅಂದರೆ ಆ ಕಡತವೇ ಇಲ್ಲ. 500 ಅಂದರೆ ಒಳಗೆ ಕೂತವರೇ ತಲೆಸುತ್ತಿ ಬಿದ್ದಿದ್ದಾರೆ. ಅತ್ತೆ ಎಲ್ಲ ಕೇಳಿಸಿಕೊಂಡು, “ಇಷ್ಟಕ್ಕೆ ನಾಲ್ಕು ವರ್ಷ ಬಿ.ಇ. ಓದಬೇಕಿತ್ತಾ ಅಳಿಯಂದ್ರೇ?” ಎಂದರು. ಆ ಪ್ರಶ್ನೆ ಈಗ ನನ್ನನ್ನೂ ಕಾಡುತ್ತಿದೆ.

ಅರ್ಜಿಗಳನ್ನು ಪರೀಕ್ಷೆಗೆಂದು ಕಳಿಸಿ ನೋಡುವುದಕ್ಕೆ ಒಂದು ಸಾಧನ ಬೇಕು. ಈ ವಿಷಯದಲ್ಲಿ ಬೆಂಗಳೂರು ಯಾರಿಗೂ ಕಮ್ಮಿಯಿಲ್ಲ. ಜಗತ್ತಿನ ಪ್ರೋಗ್ರಾಮರುಗಳೆಲ್ಲ ಬಳಸುವ ಪೋಸ್ಟ್‌ಮ್ಯಾನ್ 2012ರಲ್ಲಿ ಅಭಿನವ್ ಅಸ್ಥಾನಾ ಅವರ ಬಿಡುವಿನ ಕೆಲಸವಾಗಿ, ಕ್ರೋಮ್ ಬ್ರೌಸರಿನ ಬಾಲಂಗೋಚಿಯಾಗಿ ಶುರುವಾಗಿ, 2014ರಲ್ಲಿ ಇಲ್ಲೇ ಕಂಪನಿಯಾಯಿತು. ನಾನೂ ಅಂಥ ದೊಡ್ಡ ಆಪ್‌ಗಳಲ್ಲೇ ಕೈ ಪಳಗಿಸಿಕೊಂಡವನು. ತೊಂದರೆ ಇದ್ದದ್ದು ನನ್ನ ಲ್ಯಾಪ್‌ಟಾಪಿನಲ್ಲಿ. ಎಂಟು ಜಿಬಿ ಮೆಮೊರಿ, ಅದರಲ್ಲಿ ನಲವತ್ತು ಟ್ಯಾಬು. ಹೊಟ್ಟೆಗೆ ಹಿಟ್ಟಿಲ್ಲದ ಅದರ ಮೇಲೆ ಇನ್ನೊಂದು ದೊಡ್ಡ ಆಪ್ ತೆರೆದರೆ ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗುತ್ತಿತ್ತು. ಪಕ್ಕದ ಟೇಬಲ್ಲಿನ ಹುಡುಗಿ ಎಷ್ಟು ದಿನ ಅಂತ ಸಹಿಸಿಯಾಳು? ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು, ಇನ್ನೂ ಮರ್ಯಾದೆ ಉಳಿದಿತ್ತು.

“ಸರ್, ನೀವ್ಯಾಕೆ ಫೈಲಲ್ಲೇ ಬರೆಯಬಾರದು?” ಎಂದಳು.

ವಿಎಸ್ ಕೋಡ್ ಎಂಬ ಎಡಿಟರಿಗೆ ರೆಸ್ಟ್ ಕ್ಲೈಂಟ್ ಎಂಬ ಎಕ್ಸ್‌ಟೆನ್ಶನ್ ಇದೆ. ಹುವಾಚಾವ್ ಮಾವೊ ಎಂಬುವರು ಬರೆದದ್ದು. ಡಾಟ್ ಎಚ್‌ಟಿಟಿಪಿ ಎಂದು ಕೊನೆಯಾಗುವ ಒಂದು ಸಾದಾ ಫೈಲು ತೆಗೆದು ಅರ್ಜಿಯನ್ನು ಕೈಯಾರೆ ಟೈಪಿಸುವುದು. ಅದರ ನೆತ್ತಿಯ ಮೇಲೆ ಇರುವೆ ಗಾತ್ರದ ಅಕ್ಷರದಲ್ಲಿ ‘ಸೆಂಡ್ ರಿಕ್ವೆಸ್ಟ್’ ಎಂದು ತಾನಾಗಿ ಮೂಡುತ್ತದೆ. ಒತ್ತಿದರೆ ಬಲಗಡೆ ಉತ್ತರ. ಖಾತೆ ತೆರೆಯಬೇಕಿಲ್ಲ, ಲಾಗಿನ್ ಕೇಳುವುದಿಲ್ಲ, ಬಣ್ಣದ ಗುಂಡಿಗಳಿಲ್ಲ. ಒಂದು ಅರ್ಜಿಗೂ ಇನ್ನೊಂದಕ್ಕೂ ನಡುವೆ ### ಎಂದು ಮೂರು ಹ್ಯಾಶ್ ಗುರುತು ಹಾಕಿದರೆ ಬೇಲಿ ಹಾಕಿದಂತೆ. ಮರೆತರೆ ಪಕ್ಕದ ಮನೆಯ ಹಸು ನಮ್ಮ ಹಿತ್ತಲಿಗೆ ಬಂದ ಹಾಗೆ ಕೆಳಗಿನ ಅರ್ಜಿ ಮೇಲಿನ ಅರ್ಜಿಯ ಹೊಟ್ಟೆಗೆ ಸೇರುತ್ತದೆ. ಇಷ್ಟೇ ವಿದ್ಯೆ. ಹದಿನೇಳು ವರ್ಷದ ಅನುಭವ ಇರುವ ನನಗೆ ಇದು ಎಷ್ಟು ಹೊತ್ತಿನ ಮಾತು?

ಮೂರು ಗಂಟೆಯದು.

ಅರ್ಜಿಯ ರೂಪ ನೋಡಿದೊಡನೆ ನನಗೆ ನಮ್ಮ ತಾತನ ಕಾಗದಗಳು ನೆನಪಾದವು. ಮೊದಲ ಸಾಲಿನಲ್ಲಿ ಏನು ಬೇಕು, ಯಾವ ವಿಳಾಸಕ್ಕೆ. ಅದರ ಕೆಳಗೆ ನಾನ್ಯಾರು, ನನ್ನ ಟೋಕನ್ ಯಾವುದು, ಒಳಗಿರುವುದು ಯಾವ ಬಗೆಯ ಸರಕು. ಆಮೇಲೆ ವಿಷಯ. ತಾತ ತಲೆಯ ಮೇಲೆ ‘ಕ್ಷೇಮ’ ಬರೆದು ಒಂದು ಸಾಲು ಬಿಟ್ಟೇ ಮುಂದುವರಿಯುತ್ತಿದ್ದರು. ನಾನೂ ವಂಶದ ಪದ್ಧತಿ ಬಿಡಬಾರದೆಂದು ಮೊದಲ ಸಾಲಿನ ಕೆಳಗೆ ಗಾಳಿ ಬೆಳಕಿಗೆ ಅಂತ ಒಂದು ಸಾಲು ಬಿಟ್ಟು, ಆಮೇಲೆ ಟೋಕನ್ ಬರೆದು ಕಳಿಸಿದೆ.

401. ನೀನ್ಯಾರಯ್ಯಾ?

ಟೋಕನ್ ಹಳೆಯದಿರಬೇಕು ಎಂದು ಹೊಸದು ಮಾಡಿದೆ. 401. ಸರ್ವರನ್ನು ಆರಿಸಿ ಹೊತ್ತಿಸಿದೆ. 401. ಕೆಳಗೆ ಹೋಗಿ ಕಾಫಿ ಕುಡಿದು, ದಾರಿಯಲ್ಲಿ ಗಣಪತಿ ಗುಡಿಗೆ ಹೊರಗಿಂದಲೇ ಕೈಮುಗಿದು ಬಂದೆ. 401. ಟೋಕನ್ ಕೊಡುವ ಕೋಡನ್ನು ಬರೆದವನು ಕೆಲಸ ಬಿಟ್ಟು ಹೋಗಿ ಎರಡು ವರ್ಷವಾಗಿತ್ತು, ಅವನಿಗೆ ಮನಸ್ಸಿನಲ್ಲೇ ಸಹಸ್ರನಾಮ ಮಾಡಿದೆ. ಹದಿನಾಲ್ಕನೆಯ ಟೋಕನ್ ಹೊತ್ತಿಗೆ ಹುಡುಗಿ ಕುರ್ಚಿ ಜರುಗಿಸಿಕೊಂಡು ಬಂದು ನೋಡಿದಳು. ಕರ್ಸರನ್ನು ಎರಡನೇ ಸಾಲಿಗೆ ತಂದು ಬ್ಯಾಕ್‌ಸ್ಪೇಸ್ ಒಂದು ಸಲ ಒತ್ತಿದಳು. 200.

“ಅಷ್ಟೇ ಸರ್,” ಎಂದಳು. ಆ ‘ಅಷ್ಟೇ’ ನನಗೆ ನಾಟಿದಷ್ಟು ಬೈಗುಳ ಯಾವುದೂ ನಾಟಿಲ್ಲ.

ಎಚ್‌ಟಿಟಿಪಿಯಲ್ಲಿ ಖಾಲಿ ಸಾಲು ಖಾಲಿಯಲ್ಲ. ‘ಗುರುತು ಪರಿಚಯ ಎಲ್ಲ ಮುಗಿಯಿತು, ಇನ್ನು ವಿಷಯಕ್ಕೆ ಬರುತ್ತೇನೆ’ ಎಂದು ಅದರ ಅರ್ಥ. ನಾನು ಮೊದಲೇ ಸಾಲು ಬಿಟ್ಟಿದ್ದರಿಂದ ನನ್ನ ಗುರುತಿನ ಚೀಟಿ ವಿಷಯದೊಳಗೆ ಸೇರಿಹೋಗಿತ್ತು. ಕಿಟಕಿಯವನು ಚೀಟಿ ತೋರಿಸು ಅಂದಾಗಲೆಲ್ಲ ನಾನು ಅಂಟಿಸಿದ ಲಕೋಟೆ ಕೊಟ್ಟು ‘ಒಳಗಿದೆ ಸ್ವಾಮಿ’ ಎನ್ನುತ್ತಿದ್ದೆ. ಈ ಲೋಕದಲ್ಲಿ ಬರೆದದ್ದು ಬರೆದ ಹಾಗೇ ಇರಬೇಕು. ‘ರೆಫರರ್’ ಎಂಬ ಹೆಡರ್, ಅಂದರೆ ಗುರುತಿನ ಸಾಲು, ಒಂದಿದೆ. ಇಂಗ್ಲಿಷಿನಲ್ಲಿ ಅದಕ್ಕೆ ಬೇಕಾದ ಒಂದು ‘ಆರ್’ ಬಿಟ್ಟುಹೋಗಿ, 1996ರ ನಿಯಮಾವಳಿಯಲ್ಲೂ ಹಾಗೇ ಅಚ್ಚಾಗಿ, ಇವತ್ತಿಗೂ ಇಡೀ ಜಗತ್ತು ಅದನ್ನು ತಪ್ಪಾಗಿಯೇ ಬರೆಯುತ್ತದೆ. ಪಹಣಿಯಲ್ಲಿ ಹೆಸರು ತಪ್ಪು ಬಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ.

ಅವಮಾನ ಮರೆಯಲು ನಾನು ಪಂಡಿತನಾಗಲು ಹೊರಟೆ. ಅಲ್ಲೇ ಎಡವಟ್ಟಾದದ್ದು. ಒಂದೇ ವಾರದಲ್ಲಿ ಛತ್ರದ ಎಪಿಐ ಪೂರ್ತಿ ಒಂದೇ ಫೈಲಿಗೆ ಇಳಿಯಿತು. ಬುಕಿಂಗ್ ಮಾಡುವ ಪೋಸ್ಟ್, ನೋಡುವ ಗೆಟ್, ರದ್ದು ಮಾಡುವ ಡಿಲೀಟ್. ಜೋಡಿ ಪುಷ್ಪಾವರಣದೊಳಗೆ ವೇರಿಯಬಲ್ ಬರೆದರೆ ಕಳಿಸುವಾಗ ಅದರ ಜಾಗಕ್ಕೆ ನಿಜವಾದ ಬೆಲೆ ಬಂದು ಕೂರುತ್ತದೆ ಎಂದು ಕಲಿತೆ. ‘ರ‍್ಯಾಂಡಮ್ ಇಂಟ್’ ಎಂದು ಬರೆದು ಎರಡು ಅಂಕಿ ಕೊಟ್ಟರೆ ಪ್ರತಿ ಸಲವೂ ನಡುವಿನ ಯಾವುದೋ ಒಂದು ಸಂಖ್ಯೆ ತಾನಾಗಿ ಹುಟ್ಟುತ್ತದೆ ಎಂದು ತಿಳಿದ ದಿನವಂತೂ ರಾತ್ರಿ ಹೆಂಡತಿಗೆ ಹೇಳಿದೆ. “ಹೌದೇನ್ರೀ, ಗ್ಯಾಸ್ ಬುಕ್ ಮಾಡಿದ್ರಾ?” ಎಂದಳು.

ಮೂರು ಜನ ಸಹೋದ್ಯೋಗಿಗಳನ್ನು ಕೂರಿಸಿ ಭಾಷಣವನ್ನೂ ಮಾಡಿದೆ. ಫೈಲು ಅಂದರೆ ಪಾರದರ್ಶಕ. ಫೈಲು ಕೋಡಿನ ಜೊತೆಗೇ ಗಿಟ್‌ನಲ್ಲಿ ಇರುತ್ತದೆ. ಯಾರು, ಯಾವಾಗ, ಯಾವ ಸಾಲು ಬರೆದರು ಎಂದು ಯಾರು ಬೇಕಾದರೂ ನೋಡಬಹುದು, ಏನನ್ನೂ ಮುಚ್ಚಿಡಲಾಗದು! ಹುಡುಗಿ ತಲೆಯಾಡಿಸಿದಳು. ಒಪ್ಪಿಗೆಯೆಂದು ತಿಳಿದೆ. ಅವಳು ಆಗಲೇ ನನ್ನ ಫೈಲು ಓದಿದ್ದಳೆಂದು ಆಮೇಲೆ ಗೊತ್ತಾಯಿತು.

ಈ ಎಕ್ಸ್‌ಟೆನ್ಶನ್‌ನಲ್ಲಿ ‘ಎನ್ವಿರಾನ್‌ಮೆಂಟ್’ ಎಂಬ ಇನ್ನೊಂದು ಅನುಕೂಲವಿದೆ. ಟೆಸ್ಟ್ ಸರ್ವರಿನ ವಿಳಾಸ, ಟೋಕನ್ ಒಂದು ಗಂಟು. ನಿಜವಾದ ಛತ್ರದ ಸರ್ವರಿನದು, ಅಂದರೆ ಪ್ರೊಡಕ್ಷನ್ನಿನದು, ಇನ್ನೊಂದು ಗಂಟು. ಕಂಟ್ರೋಲ್, ಆಲ್ಟ್, ಇ ಒತ್ತಿ ಬೇಕಾದ ಗಂಟು ಆರಿಸಿಕೊಂಡರೆ ಅದೇ ಫೈಲು, ಅದೇ ಅರ್ಜಿ, ಬೇರೆ ಊರಿಗೆ ಹೋಗುತ್ತದೆ. ಯಾವ ಊರು ಎಂಬುದು ಪರದೆಯ ಬಲಗಡೆ ಕೆಳಮೂಲೆಯಲ್ಲಿ, ಔಷಧಿ ಬಾಟಲಿಯ ಹಿಂದಿನ ಅಕ್ಷರದ ಗಾತ್ರದಲ್ಲಿ ಕಾಣುತ್ತದೆ. ನನಗೆ ಚಾಳೀಸು ಬಂದು ಎರಡು ವರ್ಷ. ಕನ್ನಡಕ ಮನೆಯಲ್ಲಿ.

ಅವತ್ತು ಗುರುವಾರ. ಬೆಳಿಗ್ಗೆ ಯಜಮಾನರು ಫೋನ್ ಮಾಡಿ ಶ್ರಾವಣದಲ್ಲಿ ಎಷ್ಟು ದಿನ ಖಾಲಿ ಇದೆ ನೋಡಿ ಹೇಳಿ ಸ್ವಾಮಿ ಎಂದಿದ್ದರು. ಪ್ರೊಡಕ್ಷನ್ನಿಗೆ ಬದಲಿಸಿ, ಒಂದು ಗೆಟ್ ಕಳಿಸಿ, ಲೆಕ್ಕ ಹೇಳಿ, ಶಹಭಾಸ್ ಅನ್ನಿಸಿಕೊಂಡೆ. ವಾಪಸ್ ಬದಲಿಸಲಿಲ್ಲ.

ಸಂಜೆ 4 ಗಂಟೆ 10 ನಿಮಿಷಕ್ಕೆ ಡಿಲೀಟ್ ಪರೀಕ್ಷೆಗೆ ಕೈ ಹಾಕಿದೆ. ಇಲ್ಲದ ಬುಕಿಂಗನ್ನು ರದ್ದು ಮಾಡು ಎಂದರೆ 404 ಬರಬೇಕು. ಟೆಸ್ಟ್ ಸರ್ವರಿನಲ್ಲಿ ಇದ್ದದ್ದು ಇಪ್ಪತ್ತು ಸುಳ್ಳು ಮದುವೆಗಳು. ಒಂದರಿಂದ ಒಂಬೈನೂರರ ನಡುವಿನ ಯಾವುದೋ ಸಂಖ್ಯೆ ಎಸೆದರೆ 404 ಗ್ಯಾರಂಟಿ. ಹೊಸದಾಗಿ ಕಲಿತ ರ‍್ಯಾಂಡಮ್ ಇಂಟ್ ಹಾಕಿ ಒತ್ತಿದೆ. ಬಲಗಡೆ ಬಂದದ್ದು 204. ಕೆಲಸ ಆಯಿತು, ಹೇಳುವುದಕ್ಕೆ ಬೇರೇನೂ ಇಲ್ಲ ಎಂಬುದು ಅದರ ಅರ್ಥ. ಇದೇನಪ್ಪ ಎಂದು ಮತ್ತೆ ಒತ್ತಿದೆ. 204. ಮತ್ತೆ. 204.

ನನ್ನ ಎದೆ ಉಬ್ಬಿತು. ಇಲ್ಲದ ಬುಕಿಂಗನ್ನೂ ರದ್ದು ಮಾಡುತ್ತಿದೆಯಲ್ಲ ಈ ಕೋಡು! ಬರೆದವರು ಯಾರು? ಬ್ಯಾಕ್‌ಸ್ಪೇಸಿನ ಹುಡುಗಿ. ಸಾಕ್ಷಿ ಗಟ್ಟಿಯಾಗಿರಲಿ ಎಂದು ಒತ್ತುತ್ತಾ ಹೋದೆ. ಹನ್ನೊಂದು ಸಲ 204 ಬಂತು. ಹನ್ನೆರಡನೆಯ ಸಲ 404 ಬಂದಾಗ ಇದು ಆಗಾಗ ಮಾತ್ರ ಸರಿ ಕೆಲಸ ಮಾಡುತ್ತದೆ ಎಂದು ಷರಾ ಬರೆದು, ಪರದೆಯ ಚಿತ್ರ ತೆಗೆದು ಲಗತ್ತಿಸಿ, ಅವಳ ಹೆಸರಿಗೆ ಒಂದು ಬಗ್ ದಾಖಲಿಸಿದೆ. ತುರ್ತು ಎಂದು ಕೆಂಪು ಗುರುತನ್ನೂ ಹಾಕಿದೆ. ಬಾಸಿಗೆ ಪ್ರತಿ.

ಎರಡು ನಿಮಿಷ ಕಳೆದಿರಬೇಕು. ಅವಳು ಚಿತ್ರವನ್ನು ದೊಡ್ಡದು ಮಾಡಿ ನೋಡುತ್ತಿದ್ದಳು. ಮೊದಲು ನಡುವೆ ನೋಡಿದಳು, ಆಮೇಲೆ ಬಲಗಡೆ ಕೆಳಮೂಲೆ. “ಸರ್,” ಎಂದಳು, ಮುಂದೆ ಮಾತು ಹೊರಡಲಿಲ್ಲ. ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು.

“ಏನ್ ಸ್ವಾಮಿ,” ಎಂದರು ಯಜಮಾನರು, “ಆಷಾಢ ಕಳೀಲಿ ಅಂತ ನಾನು ಕಾಯ್ತಾ ಕುಂತಿದೀನಿ. ಇಲ್ ನೋಡಿದ್ರೆ ಜನ ಮೇಲಿಂದ್ ಮೇಲೆ ಫೋನ್ ಮಾಡಿ ಮದ್ವೆ ಯಾಕೆ ಕ್ಯಾನ್ಸಲ್ ಮಾಡಿದ್ರಿ ಅಂತಾವ್ರೆ. ಮಾಡಿದ್ ನಾನಾ?”

ಬುಕಿಂಗ್ ರದ್ದಾದರೆ ಗಿರಾಕಿಗೆ ತಾನಾಗಿ ಎಸ್‌ಎಂಎಸ್ ಹೋಗುತ್ತದೆ. ಆ ವ್ಯವಸ್ಥೆ ಮಾಡಿದವನು ನಾನು, ಒಕ್ಕಣೆಯೂ ನನ್ನದೇ. ಮೊದಲು ಅದು ದೀರ್ಘವಾಗಿ, ವಿನಯವಾಗಿ ಇತ್ತು. ಆದರೆ ಇಂಗ್ಲಿಷಿನ ಒಂದು ಮೆಸೇಜಿಗೆ 160 ಅಕ್ಷರ ಹಿಡಿಸಿದರೆ ಕನ್ನಡಕ್ಕೆ 70 ಮಾತ್ರ. ಅದರಲ್ಲೂ ಕೊಂಬು, ಗುಡಿಸು, ಒತ್ತು ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ‘ನಿಮ್ಮ’ ಎಂಬುದು ಕಣ್ಣಿಗೆ ಎರಡಕ್ಷರ, ಮೊಬೈಲ್ ಕಂಪನಿಗೆ ಐದು. 70 ದಾಟಿದರೆ ಎರಡು ಮೆಸೇಜಿನ ದುಡ್ಡು. ರದ್ದು ಮಾಡಿಕೊಂಡು ಹೋಗುವವರಿಗೆ ಡಬಲ್ ಖರ್ಚು ಯಾಕೆ ಎಂದು ಯಜಮಾನರು ಕೇಳಿದ್ದರಿಂದ ನಾನು ಕಾರಣ ತೆಗೆದೆ, ವಿಷಾದ ತೆಗೆದೆ, ಮತ್ತೆ ಬನ್ನಿ ಎಂಬುದನ್ನು ತೆಗೆದೆ. ಉಳಿದದ್ದು ಇಷ್ಟು: ‘ನಿಮ್ಮ ಬುಕಿಂಗ್ ರದ್ದಾಗಿದೆ. ವಂದನೆಗಳು.’ ಮೂವತ್ತನಾಲ್ಕರಲ್ಲಿ ಮುಗಿಯಿತು. ಮಿತವ್ಯಯಕ್ಕೆ ಅವತ್ತು ನನಗೆ ಮೈಸೂರುಪಾಕು ಕೊಟ್ಟಿದ್ದರು.

ಈಗ ಯಾರ್ಯಾರ ಬುಕಿಂಗ್ ಹೋಯಿತು? ರ‍್ಯಾಂಡಮ್ ಎಂದು ಬರೆದವನು ನಾನು, ಆರಿಸಿದ್ದು ಯಂತ್ರ. ನನ್ನ ಫೈಲಿನಲ್ಲಿ ನೋಡಿದರೆ ಒಂದೇ ಒಂದು ಸಾಲು, ಯಾವ ಸಂಖ್ಯೆಯೂ ಇಲ್ಲ. ಬೆವರು ಒರೆಸಿಕೊಳ್ಳುತ್ತಿದ್ದಾಗ ಹುಡುಗಿ ಕಂಟ್ರೋಲ್, ಆಲ್ಟ್, ಎಚ್ ಒತ್ತಿದಳು. ಈ ಎಕ್ಸ್‌ಟೆನ್ಶನ್ ಕೊನೆಯ ಐವತ್ತು ಅರ್ಜಿಗಳನ್ನು ಶ್ಯಾನುಭೋಗರ ಹಾಗೆ ಬರೆದಿಟ್ಟುಕೊಂಡಿರುತ್ತದೆ, ಅದೂ ನಿಜವಾಗಿ ಹೋದ ಸಂಖ್ಯೆಗಳ ಸಮೇತ. ಹನ್ನೊಂದೂ ಸಿಕ್ಕವು. ಇನ್ನೊಂದು ಪುಣ್ಯ, ಡಿಲೀಟ್ ಅಂದರೂ ಸಾಲನ್ನು ಅಳಿಸದೆ ‘ರದ್ದು’ ಎಂದು ಗುರುತು ಮಾತ್ರ ಹಾಕುವಂತೆ ಅವಳು ಕೋಡು ಬರೆದಿದ್ದಳು. ಇದೇನು ಸುಮ್ಮನೆ ಸುತ್ತುಬಳಸು ಎಂದು ಮಾರ್ಚಿನಲ್ಲಿ ನಾನೇ ಅವಳನ್ನು ಆಡಿಕೊಂಡಿದ್ದೆ. ಐದು ನಿಮಿಷದಲ್ಲಿ ಹನ್ನೊಂದೂ ಬುಕಿಂಗ್ ಎದ್ದು ಕೂತವು.

ಮೆಸೇಜು ಮಾತ್ರ ಹೋದದ್ದು ಹೋಯಿತು. ‘ನಿಮ್ಮ ಬುಕಿಂಗ್ ರದ್ದಾಗಿಲ್ಲ’ ಎಂದು ಇನ್ನೊಂದು ಕಳಿಸೋಣವೆಂದರೆ ನಮ್ಮ ದೇಶದಲ್ಲಿ ವ್ಯಾಪಾರದ ಎಸ್‌ಎಂಎಸ್‌ನ ಒಕ್ಕಣೆಯನ್ನು ಮೊದಲೇ ನೋಂದಾಯಿಸಿ ಒಪ್ಪಿಗೆ ಪಡೆದಿರಬೇಕು. ರದ್ದಾಗಿದೆ ಎನ್ನಲು ನಮಗೆ ಒಪ್ಪಿಗೆ ಇತ್ತು. ಆಗಿಲ್ಲ ಎನ್ನಲು ಕೇಳುವ ಯೋಚನೆ ಯಾರಿಗೆ ಬಂದೀತು? ಕೊನೆಗೆ ಒಬ್ಬೊಬ್ಬರಿಗೂ ನಾನೇ ಫೋನ್ ಮಾಡಿ ತಪ್ಪೊಪ್ಪಿಕೊಳ್ಳಬೇಕೆಂದು ಬಾಸ್ ತೀರ್ಪು ಕೊಟ್ಟರು.

ಹನ್ನೊಂದರಲ್ಲಿ ಎಂಟು ಆಗಿಹೋದ ಸಮಾರಂಭಗಳು. ಎರಡು ವರ್ಷದ ಹಿಂದೆ ಮಗನ ಮದುವೆ ಮಾಡಿದ್ದ ಒಬ್ಬ ತಾಯಿ, “ರದ್ದು ಅಂತ ನೀವೇ ಬರೆದು ಕಳಿಸಿದೀರಲ್ಲಪ್ಪ, ಹಾಗಾದ್ರೆ ಬಾಡಿಗೆ ವಾಪಸ್ ಕೊಡಿ” ಎಂದರು. ಮೊಮ್ಮಗು ಹಿಂದೆ ಅಳುತ್ತಿತ್ತು. ಷಷ್ಟ್ಯಬ್ದಿ ಮಾಡಿಸಿಕೊಂಡಿದ್ದ ಹಿರಿಯರೊಬ್ಬರು ಪೂರ್ತಿ ಕೇಳಿಸಿಕೊಂಡು ತಣ್ಣಗೆ, “ಅಂದ್ರೆ ನನಗಿನ್ನೂ ಐವತ್ತೊಂಬತ್ತೇನೋ?” ಎಂದರು. ನಿವೃತ್ತ ಕನ್ನಡ ಮೇಷ್ಟ್ರಂತೆ. ಇನ್ನು ಮೂರು ಮುಂದೆ ನಡೆಯಬೇಕಾದ ಮದುವೆಗಳು. ಒಂದು ಮನೆಯಲ್ಲಿ ಫೋನು ತೆಗೆದದ್ದು ಮದುಮಗಳ ದೊಡ್ಡಮ್ಮ. ಆಷಾಢದಲ್ಲಿ ಅಡ್ವಾನ್ಸ್ ಕೊಡಬೇಡಿ ಅಂತ ನಾನು ಬಡ್ಕೊಂಡೆ ಎಂದು ನನಗಲ್ಲ, ಮನೆಯವರಿಗೆಲ್ಲ ಕೇಳುವಂತೆ ಹೇಳಿದರು. ನನ್ನ ಕ್ಷಮಾಪಣೆ ಅವರಿಗೆ ಬೇಡವಾಗಿತ್ತು. ಮೆಸೇಜೇ ಚೆನ್ನಾಗಿತ್ತು. ಇನ್ನೊಂದು ಕಡೆ ಗಂಡಿನ ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದನ್ನ ಹಾಗೇ ಇರ‍್ಲಿ ಬಿಡಿ ಸಾರ್,” ಎಂದರು. “ಹೇಗೆ ಹೇಳೋದು ಅಂತ ನಾವೇ ಒದ್ದಾಡ್ತಿದ್ವಿ.” ಎಬ್ಬಿಸಿ ಕೂರಿಸಿದ್ದ ಹನ್ನೊಂದರಲ್ಲಿ ಒಂದನ್ನು ಮತ್ತೆ ಡಿಲೀಟ್ ಮಾಡಿದೆವು. ಒತ್ತಿದ್ದು ಹುಡುಗಿ.

ಶುಕ್ರವಾರ ವಿಚಾರಣೆ. ಗೋಡೆಯ ದೊಡ್ಡ ಟಿವಿಯ ಮೇಲೆ ನನ್ನ ಡಾಟ್ ಎಚ್‌ಟಿಟಿಪಿ ಫೈಲು, ಒಂದೊಂದು ಸಾಲಿನ ಪಕ್ಕದಲ್ಲೂ ಗಿಟ್ ತೋರಿಸುವ ನನ್ನ ಹೆಸರು. ಪಾರದರ್ಶಕ ಎಂದು ಭಾಷಣ ಮಾಡಿದವನೂ ನಾನೇ ತಾನೆ. ಲಾಗಿನ್ ಅರ್ಜಿಯಲ್ಲಿ ನನ್ನ ಪಾಸ್‌ವರ್ಡ್ ಹಾಗೇ ಕೂತಿತ್ತು: ಮಸಾಲೆದೋಸೆ123. ಅದನ್ನು ಬೇರೆ ಗುಪ್ತ ಫೈಲಿನಲ್ಲಿಟ್ಟು ಇಲ್ಲಿ ಹೆಸರು ಮಾತ್ರ ಬರೆಯಬಹುದಿತ್ತು, ಅದಕ್ಕೂ ಏರ್ಪಾಡಿದೆ. ಗುರುವಾರ ರಾತ್ರಿಯೇ ನಾನು ಆ ಸಾಲನ್ನು ಕದ್ದು ಅಳಿಸಿದ್ದೆ, ಆದರೆ ಗಿಟ್‌ಗೆ ಮರೆವಿಲ್ಲ. ಹಿಂದಿನ ಪ್ರತಿ, ಅದರ ಹಿಂದಿನ ಪ್ರತಿ, ಜೊತೆಗೆ ‘ಪಾಸ್‌ವರ್ಡ್ ತೆಗೆದೆ’ ಎಂಬ ನನ್ನದೇ ಟಿಪ್ಪಣಿ, ಎಲ್ಲ ಇತ್ತು. ಅದಕ್ಕಿಂತ ಕೆಳಗೆ, ಹ್ಯಾಶ್ ಗುರುತು ಹಾಕಿ ನನಗಾಗಿ ಬರೆದುಕೊಂಡ ಸಾಲೊಂದು: ‘ಬಾಸ್ ಕೇಳಿದರೆ ಸರ್ವರ್ ಸ್ಲೋ ಅನ್ನುವುದು.’ ಬಾಸ್ ಅದನ್ನು ಎರಡು ಸಲ ಓದಿದರು. ಎರಡನೆಯ ಸಲ ಗಟ್ಟಿಯಾಗಿ.

ಡಿಲೀಟಿನಂಥ ಅರ್ಜಿಗಳ ಮೇಲೆ ಹ್ಯಾಶ್ ಹಾಕಿ ‘ಅಟ್ ನೋಟ್’ ಎಂದು ಒಂದು ಸಾಲು ಬರೆದಿದ್ದರೆ, ಕಳಿಸುವ ಮುನ್ನ ನಿಜವಾಗಿಯೂ ಕಳಿಸಲೇ ಎಂದು ಎಕ್ಸ್‌ಟೆನ್ಶನ್ನೇ ಕೇಳುತ್ತಿತ್ತಂತೆ. ಕೇಳು ಎಂದು ನಾವು ಮೊದಲೇ ಹೇಳಿರಬೇಕು ಅಷ್ಟೆ. ಈಗ ಎಲ್ಲ ಡಿಲೀಟಿನ ಮೇಲೂ ಆ ಸಾಲಿದೆ. ನನ್ನ ಪ್ರತಿಯಲ್ಲಿ ಮಾತ್ರ ಹುಡುಗಿ ಅದನ್ನು ಗೆಟ್‌ಗಳ ಮೇಲೂ ಬರೆದಿದ್ದಾಳೆ. ಪ್ರೊಡಕ್ಷನ್ ಗಂಟನ್ನು ಬಾಸ್ ನನ್ನಿಂದ ಕಿತ್ತುಕೊಂಡಿದ್ದಾರೆ. ಹೊಸ ಪಾಸ್‌ವರ್ಡ್ ಏನೆಂದು ಯಾರೂ ಕೇಳಿಲ್ಲ. ಆದರೆ ತಿಂಡಿ ತರಿಸುವಾಗ, “ಸರ್‌ಗೆ ಈಗಲೂ ಮಸಾಲೆನಾ, ಇಲ್ಲ ಸೆಟ್ ದೋಸೆಗೆ ಬದಲಾಯಿಸಿದಾರಾ?” ಎನ್ನುತ್ತಾರೆ.

ಉಳಿದದ್ದು ಒಂದೇ. ಹನ್ನೊಂದರಲ್ಲಿ ಹತ್ತು ಜನ ಫೋನಿಗೆ ಸಿಕ್ಕರು. ಮೂರನೆಯ ಮದುವೆಯವರ ನಂಬರು ಅವತ್ತಿನಿಂದ ಸ್ವಿಚ್ ಆಫ್. ಮಾಘ ಮಾಸದ ಬುಕಿಂಗು, ಆರತಕ್ಷತೆ ಸೇರಿ ಎರಡು ದಿನ. ಇದನ್ನು ಓದುತ್ತಿರುವವರು ನೀವೇ ಆಗಿದ್ದರೆ ದಯವಿಟ್ಟು ಆ ಮೆಸೇಜನ್ನು ಅಳಿಸಿಬಿಡಿ. ಛತ್ರ ನಿಮ್ಮದೇ, ಸುಣ್ಣವೂ ಹೊಸದು. ಅಡುಗೆಯವರಿಗೆ ಅಡ್ವಾನ್ಸ್ ಕೊಡಿ, ಲಗ್ನಪತ್ರಿಕೆ ಅಚ್ಚಿಗೆ ಹಾಕಿ. ನನ್ನನ್ನು ಕರೆಯದಿದ್ದರೂ ನಡೆಯುತ್ತದೆ, ನಿಮ್ಮ ಹೊಸ ನಂಬರನ್ನು ಮಾತ್ರ ಯಜಮಾನರಿಗೆ ತಿಳಿಸಿ.